ತಮ್ಮನ ಕಿವಿಗೆ ನಾನು ಕೊಟ್ಟ ಸಿಹಿ ದನಿ

ಸೌಂಡ್ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ದನಿಗಳನ್ನು ಬೆರೆಸುವ ಮಿಕ್ಸರ್ ಯಾವುದನ್ನು ಕೊಳ್ಳಬೇಕು ಎಂದು. ಕೈಗೆ ಎಟುಕುವಂಥದ್ದನ್ನು ಕೊಳ್ಳಿ ಎನ್ನುತ್ತೇನೆ. ಮಿಕ್ಸರ್ ಯಾರನ್ನೂ ಕೆಡಿಸುವುದಿಲ್ಲ. ನಮ್ಮ ಕೈಯಿಂದ ಎರಡು ದನಿ ಹೊರಡುತ್ತವೆ. ಒಂದು ಎದುರಿಗೆ ಕುಳಿತ ಜನರಿಗೆ. ಇನ್ನೊಂದು ಹಾಡುವವರ ಕಾಲಬುಡದಲ್ಲಿ, ಅವರ ಕಡೆಗೇ ಮುಖ ಮಾಡಿ ಇಟ್ಟ ಪೆಟ್ಟಿಗೆಗೆ. ಅದಕ್ಕೆ ಮಾನಿಟರ್ ಎನ್ನುತ್ತಾರೆ. ಹಾಡುವವರು ತಮ್ಮ ದನಿಯನ್ನು ತಾವು ಕೇಳಿಸಿಕೊಳ್ಳುವುದು ಅದರಲ್ಲಿ. ಜನರಿಗೆ ಕಳಿಸುವ ದನಿಯನ್ನು ಬೇಕಾದಷ್ಟು ಸಿಂಗರಿಸಿ, ಅದು ನಮ್ಮ ಕಸುಬು. ಮಾನಿಟರಿಗೆ ಮಾತ್ರ ಇದ್ದದ್ದನ್ನು ಇದ್ದಂತೆ ಕಳಿಸಿ. ನಾನು ಹಾಗೆ ಮಾಡಲಿಲ್ಲ. ಎರಡು ವರ್ಷ ನನ್ನ ತಮ್ಮ ಲೋಕೇಶನಿಗೆ ಅವನದಲ್ಲದ ದನಿಯನ್ನು ಅವನದೆಂದು ಕೇಳಿಸಿದೆ. ಅಷ್ಟರಲ್ಲಿ ಅವನ ಗಂಟಲು ಹೋಯಿತು.

ಇದನ್ನು ಬರೆಯಲು ಕುಳಿತಾಗ ಅವನಿಗೆ ವಿಷಯ ಗೊತ್ತಿರಲಿಲ್ಲ. ಅಚ್ಚಾಗುವ ಮೊದಲು ನಾನೇ ಹೇಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಪೆನ್ನು ಹಿಡಿದೆ. ಓದಿದ್ದು ಏಳನೇ ತರಗತಿ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ನಮ್ಮ ತಂದೆ ಅರಕಲಗೂಡಿನ ಕಡೆಯಿಂದ ಕುಶಾಲನಗರಕ್ಕೆ ಶುಂಠಿ ಬೆಳೆಯಲು ಬಂದವರು. ಶುಂಠಿಗೆ ಕೊಳೆರೋಗ ಬಿದ್ದ ವರ್ಷ ಅದನ್ನು ಬಿಟ್ಟು ಮೈಕ್‌ಸೆಟ್, ಶಾಮಿಯಾನದ ಅಂಗಡಿ ಹಾಕಿದರು. ಅಂಗಡಿ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ನನ್ನನ್ನು ಶಾಲೆ ಬಿಡಿಸಿದರು. ಅಳು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸುಟ್ಟುಹೋದ ಹಾರ್ನಿನ ಕಾಯಿಲನ್ನು ಸುತ್ತಿ ಮತ್ತೆ ಮಾತಾಡಿಸುವುದು ಕಲಿತ ದಿನ ಶಾಲೆ ಮರೆತುಹೋಯಿತು. ಆಗ ಸೌಂಡ್ ಎಂದರೆ ಮರಕ್ಕೆ ಕಟ್ಟಿದ ಎರಡು ಹಾರ್ನ್, ಒಂದು ಆಂಪ್ಲಿಫೈಯರ್, ಒಂದು ಮೈಕು. ಎಷ್ಟು ದೂರ ಕೇಳಿಸಿತು ಎನ್ನುವುದೇ ಗೌರವ. ಹೊಳೆಯಾಚೆ ಕೇಳಿಸಿದರೆ ಮುಂದಿನ ಮದುವೆಯೂ ನಮ್ಮದೇ.

ನನ್ನ ಮೊದಲ ದೊಡ್ಡ ತಪ್ಪು ಒಂದು ಮದುವೆಯಲ್ಲಿ ಆಯಿತು. ಧಾರೆ ಮುಗಿದ ಮೇಲೆ ಮೈಕನ್ನು ಬಂದ್ ಮಾಡದೆ ಅಡುಗೆ ಮನೆಯ ಕಿಟಕಿಯ ಮೇಲಿಟ್ಟು ಊಟಕ್ಕೆ ಹೋದೆ. ಒಳಗೆ ಅಡುಗೆಯವರು ಮಾತಾಡಿಕೊಂಡರು: "ಹೆಣ್ಣಿನ ಕಡೇರು ತುಪ್ಪನ ಬೆರಳಲ್ಲಿ ಮುಟ್ಟಿ ಬಡಿಸಿ ಅಂತವ್ರೆ ಕಣಯ್ಯ. ಲಾಡು ನೋಡು, ನೆಲ್ಲಿಕಾಯಿ." ಇಡೀ ಊರು ಕೇಳಿತು. ಪಂಕ್ತಿಯಲ್ಲಿ ಕುಳಿತ ಬೀಗರು ಎಲೆಯಲ್ಲಿದ್ದ ಲಾಡನ್ನು ಎತ್ತಿ ಅಳತೆ ನೋಡಿದರು. ತಂದೆ ಹೊಡೆಯಲಿಲ್ಲ. ಮನೆಗೆ ಬಂದ ಮೇಲೆ, "ಮೈಕಿಗೆ ನಾಚಿಕೆ ಇಲ್ಲ ಮಗಳೆ. ನಾಚಿಕೆ ನಮಗಿರ್ಬೇಕು" ಎಂದರು. ಅಷ್ಟೇ. ಮೈಕ್ ಬಂದ್ ಮಾಡದೆ ಎದ್ದುಹೋಗುವ ತಪ್ಪನ್ನು ಮತ್ತೆ ಮಾಡಲಿಲ್ಲ.

ಲೋಕೇಶ ನನಗಿಂತ ಆರು ವರ್ಷ ಚಿಕ್ಕವನು. ಹಾಡುವ ಹುಚ್ಚು ಮೊದಲಿನಿಂದ ಇತ್ತು. ವೇಷದ ಹುಚ್ಚು ಹತ್ತಿಸಿದ್ದು ಒಂದು ಕ್ಯಾಸೆಟ್ಟು. ಸುಂಟಿಕೊಪ್ಪದ ಕಡೆ ಒಂದು ಎಸ್ಟೇಟಿನಲ್ಲಿ ಮೈಕ್ ಕಟ್ಟಲು ಹೋದಾಗ ಅಲ್ಲಿ ಲೆಕ್ಕ ಬರೆಯುವ ರೈಟರು, ಬಂಗಲೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟನ್ನು ಇವನಿಗೆ ಕೊಟ್ಟರು. ಹೊದಿಕೆಯ ಮೇಲೆ ಒಬ್ಬ ಗಂಡಸು. ಕಣ್ಣಿಗೆ ಕಾಡಿಗೆ, ಕೆನ್ನೆಗೆ ಬಣ್ಣ, ಮೈತುಂಬ ಹೊಳೆಯುವ ಬಟ್ಟೆ, ಮಂಚದ ಕಾಲಿನಷ್ಟು ಎತ್ತರದ ಬೂಟು. ಲೋಕಿ ಅದನ್ನು ವಾರಗಟ್ಟಲೆ ನೋಡಿದ. ಆಮೇಲೆ ಒಂದು ದಿನ ಶಾಮಿಯಾನದ ಗೋದಾಮಿನಿಂದ ಬೆಳ್ಳಿ ಜರಿಯ ಬಟ್ಟೆಯೊಂದು ಕಾಣೆಯಾಯಿತು. ಹುಡುಕುತ್ತಿದ್ದ ತಂದೆಯ ಎದುರಿಗೆ ಇವನು ಅದರದೇ ಪ್ಯಾಂಟು, ಕೋಟು ತೊಟ್ಟು ಬಂದು ನಿಂತ.

"ಮದ್ವೆ ಚಪ್ಪರದ ಬಟ್ಟೆ ಕಣೋ ಅದು!"

"ಇವತ್ತಿಂದ ನಾನೇ ಚಪ್ಪರ ಅನ್ಕೊಳಿ ಅಪ್ಪಾಜಿ."

ತಂದೆಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ಒಪ್ಪಿಗೆಯಾಯಿತು. ಬೂಟಿನ ಅಡಿಗೆ ಕಾಫಿ ತೋಟದ ಸಿಲ್ವರ್ ಓಕ್ ಮರದ ತುಂಡನ್ನು ಬಡಗಿಯಿಂದ ಕೆತ್ತಿಸಿ ಅದರ ಕೆಳಗೆ ಟೈರಿನ ರಬ್ಬರ್ ಹೊಡೆಸಿದ. ಗಣೇಶನ ಮೂರ್ತಿಗೆ ಉದುರಿಸುವ ಚಮಕಿಯನ್ನು ತೆಂಗಿನೆಣ್ಣೆ ಹಚ್ಚಿ ಕೆನ್ನೆಗೆ ಕೂರಿಸಿಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು, "ಲೋಕಮ್ಮ, ಯಾವ ಬಸ್ಸಿಗೆ?" ಎಂದು ಕೂಗುತ್ತಿದ್ದರು. ಇವನು ನಿಂತು, "ನೀವು ಟಿಕೆಟ್ ತಗೊಂಡು ಬರೋ ಊರಿಗೆ" ಎನ್ನುತ್ತಿದ್ದ. ಆಮೇಲೆ ಅವರೇ ಟಿಕೆಟ್ ಕೊಂಡು ಬಂದರು. ನಾನಾಗಿದ್ದರೆ ಒಂದು ದಿನವೂ ಆ ಬಟ್ಟೆಯಲ್ಲಿ ಬೀದಿಗೆ ಇಳಿಯುತ್ತಿರಲಿಲ್ಲ. ಅವನ ಧೈರ್ಯವನ್ನು ನಾನು ಇವತ್ತಿಗೂ ಬೆರಗಿನಿಂದ ನೋಡುತ್ತೇನೆ.

ಹೊಳೆಯಾಚೆಯ ಟಿಬೆಟನ್ ಕ್ಯಾಂಪಿನ ತೆನ್ಜಿನ್ ಎಂಬ ಹುಡುಗ ಗಿಟಾರ್ ನುಡಿಸುತ್ತಿದ್ದ. ಅವನು ಸೇರಿಕೊಂಡ ಮೇಲೆ ತಂಡವಾಯಿತು. ಇಂಥ ಹಾಡಿಕೆಗೆ ಗ್ಲ್ಯಾಮ್ ರಾಕ್ ಎನ್ನುತ್ತಾರೆ ಎಂದು ನಮಗೆ ಹೇಳಿಕೊಟ್ಟವನೂ ಅವನೇ. ಪೋಸ್ಟರಿನಲ್ಲಿ ಮಾತ್ರ "ಬೆಳ್ಳಿ ಲೋಕಿ ಮತ್ತು ತಂಡ" ಎಂದು ಹಾಕುತ್ತಿದ್ದೆವು. ಪದಗಳನ್ನು ಲೋಕಿಯೇ ಕಟ್ಟುತ್ತಿದ್ದ, ಎಲ್ಲ ಕನ್ನಡದಲ್ಲಿ. ನಾನು ಮಿಕ್ಸರಿನ ಮುಂದೆ. ಒಬ್ಬ ಹೆಂಗಸು ಗುಂಡಿ ತಿರುಗಿಸುವುದನ್ನು ನೋಡಲೂ ಒಂದಷ್ಟು ಜನ ಬರುತ್ತಿದ್ದರು.

ಒಮ್ಮೆ ಪ್ಲಾಂಟರುಗಳ ಕ್ಲಬ್ಬೊಂದರಲ್ಲಿ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿದ್ದ ಹಿರಿಯ ಕೊಡವರೊಬ್ಬರು ಎದ್ದು ನಿಂತು, "ಎಂತ ಮಾರಾಯ, ನೀನು ಗಂಡೋ ಹೆಣ್ಣೋ?" ಎಂದರು. ಸಭೆ ಗೊಳ್ಳೆಂದಿತು. ಲೋಕಿ ಮೈಕಿನಲ್ಲೇ, "ಹಾಡು ಮುಗೀಲಿ ಅಂಕಲ್, ನೀವೇ ಹೇಳಿ. ನಂಗೂ ತಿಳ್ಕೊಂಡಂಗಾಯ್ತು" ಎಂದ. ಹಾಡಿದ. ಆಗ ಅವನ ಮೇಲಿನ ಸ್ವರ ಕತ್ತಿಯ ಹಾಗಿತ್ತು. ಎಲ್ಲ ವಾದ್ಯಗಳನ್ನು ಸೀಳಿಕೊಂಡು ಮೇಲೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಮುಗಿದಾಗ ಆ ಹಿರಿಯರು ಕೋಲೂರಿಕೊಂಡು ಎದ್ದು, "ಯಾವುದಾದ್ರೂ ಆಗಿರು ಮೋನೇ, ಇನ್ನೊಂದು ಹಾಡು" ಎಂದರು. ಮೋನೇ ಎಂದರೆ ಅವರ ಮಾತಿನಲ್ಲಿ ಮಗನೇ ಎಂದು.

ಕ್ಲಬ್ಬಿಗೊಂದು ರೀತಿ, ಲೈನಿಗೊಂದು ರೀತಿ ಎಂದು ಅವನಲ್ಲಿ ಇರಲಿಲ್ಲ. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದಾಗ ಎಸ್ಟೇಟಿನ ಕೆಲಸದವರು ಸಾಲಾಗಿ ಕಟ್ಟಿದ ತಮ್ಮ ಲೈನ್ ಮನೆಗಳ ಮುಂದೆ ಕರೆಸಿದರೆ ಅಲ್ಲಿಗೂ ಪೂರ್ತಿ ಬಣ್ಣ, ಪೂರ್ತಿ ಬೂಟು. "ಮಣ್ಣು ನೆಲ ಕಣೋ, ಚಪ್ಪಲಿ ಹಾಕ್ಕೊಂಡು ಹಾಡು" ಎಂದರೆ, "ಇವ್ರೇನು ಕಮ್ಮಿ ಜನಾನ ಅಕ್ಕ?" ಎನ್ನುತ್ತಿದ್ದ. ಹೆಂಗಸರು ಬಂದು ಅವನ ಕೆನ್ನೆಯ ಚಮಕಿಯನ್ನು ಬೆರಳಿಗೆ ಅಂಟಿಸಿಕೊಂಡು ಮಕ್ಕಳ ಹಣೆಗೆ ಇಡುತ್ತಿದ್ದರು.

ದುಬಾರೆ ಆನೆ ಕ್ಯಾಂಪಿನ ಎದುರು ದಡದ ಒಂದು ರೆಸಾರ್ಟಿನಲ್ಲಿ ನಾನು ಮಾಡಿದ ಎಡವಟ್ಟು ಹೇಳಲೇಬೇಕು. ಹೊಸದಾಗಿ ಕೊಂಡ ದಪ್ಪ ದನಿಯ ಪೆಟ್ಟಿಗೆಗಳನ್ನು ಜಂಬದಿಂದ ಹೊಳೆಯ ಕಡೆ ತಿರುಗಿಸಿ ಇಟ್ಟಿದ್ದೆ. ಡ್ರಮ್ ಶುರುವಾಗುತ್ತಲೇ ಆಚೆ ದಡದಲ್ಲಿ ಆನೆಗಳು ಸರಪಳಿ ಎಳೆಯತೊಡಗಿದವು. ಮಾವುತನೊಬ್ಬ ದೋಣಿಯಲ್ಲಿ ಬಂದು, "ಅಮ್ಮಾ, ನಿಮ್ ಪೆಟ್ಗೆ ಆ ಕಡೆ ತಿರುಗ್ಸಿ. ಅವಕ್ಕೆ ಗುಡುಗು ನೆಲದಿಂದ ಬಂದಂಗೆ ಆಗ್ತದೆ" ಎಂದ. ತಿರುಗಿಸಿದೆ. ಲೋಕಿ ಡ್ರಮ್ಮಿಲ್ಲದೆ ಹಾಡಿ ಮುಗಿಸಿದ. ಮರುದಿನ ಬೆಳಿಗ್ಗೆ ಕ್ಯಾಂಪಿಗೆ ಹೋಗಿ, ಬೆಲ್ಲ ಕೊಟ್ಟು, ಒಂದು ಮುದಿ ಹೆಣ್ಣಾನೆಯ ಮುಂದೆ ಕೈಮುಗಿದು ಬಂದ. ಕೆನ್ನೆಯಲ್ಲಿ ಹಿಂದಿನ ದಿನದ ಚಮಕಿ ಇನ್ನೂ ಇತ್ತು. ಆನೆ ಸೊಂಡಿಲಿನಿಂದ ಅದನ್ನೂ ಮೂಸಿತಂತೆ.

ಹೀಗೆ ಸಕಲೇಶಪುರ, ಹಾಸನ, ಮೈಸೂರಿನ ತನಕ ಹೆಸರಾಯಿತು. ಹೋದ ಕಡೆ ಹುಡುಗರು ಕಾಡಿಗೆ ಹಚ್ಚಿಕೊಂಡು ಬರತೊಡಗಿದರು. ವಾರಕ್ಕೆ ನಾಲ್ಕೈದು ಕಾರ್ಯಕ್ರಮ. ಗಂಟಲಿಗೆ ಬಿಡುವಿಲ್ಲ.

ಬಿರುಕು ನನಗೆ ಮೊದಲು ಕೇಳಿಸಿದ್ದು ಸೋಮವಾರಪೇಟೆಯಲ್ಲಿ. ಮೇಲಿನ ಸ್ವರ ಹಿಡಿಯುವಾಗ ದನಿಯ ಅಂಚಿನಲ್ಲಿ ಹರಿದ ಕಾಗದದಂಥ ಸದ್ದು. ನನ್ನ ಕೈ ತಾನಾಗಿ ಎಕೋ ಗುಂಡಿಗೆ ಹೋಯಿತು. ಸ್ವರದ ಹಿಂದೆ ಅದರದೇ ನೆರಳು ಬಿದ್ದು ಬಿರುಕು ಮುಚ್ಚಿಕೊಂಡಿತು. ಇದರಲ್ಲಿ ತಪ್ಪಿಲ್ಲ. ಜನರಿಗೆ ಕೊಡುವ ದನಿ ಅದು. ಆದರೆ ಅದೇ ಹೊತ್ತಿಗೆ ಮಾನಿಟರಿನಲ್ಲಿ ತನ್ನ ಹರಿದ ದನಿ ಕೇಳಿ ಲೋಕಿ ಹುಬ್ಬು ಗಂಟಿಕ್ಕಿದ. ಆ ಮುಖ ನನಗೆ ನೋಡಲಾಗಲಿಲ್ಲ. ಅಲ್ಲಿಗೂ ಎಕೋ ಕೊಟ್ಟೆ. ತೆನ್ಜಿನ್ ಜೊತೆಗೆ ಮೇಲಿನ ಸ್ವರ ಹಾಡುತ್ತಿದ್ದ. ಅವನ ಮೈಕನ್ನೂ ಸ್ವಲ್ಪ ಏರಿಸಿ ಇವನ ಮಾನಿಟರಿಗೆ ಬೆರೆಸಿದೆ. ಲೋಕಿಯ ಹುಬ್ಬು ಸಡಿಲವಾಯಿತು. ನಕ್ಕ. ಇನ್ನೂ ಮೇಲಕ್ಕೆ ಏರಿಸಿ ಹಾಡಿದ.

ಅಂದು ಅದೊಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ಎರಡು ವರ್ಷ ಅದೇ ಆಯಿತು. ದನಿ ಎಷ್ಟು ಹರಿಯಿತೋ ಅಷ್ಟು ತೇಪೆ. ತನ್ನ ಗಂಟಲು ಸರಿಯಿದೆ ಎಂದು ನಂಬಿದ ಅವನು ಅದನ್ನು ಇನ್ನಷ್ಟು ಎಳೆದ. ನೋವಿದ್ದರೂ, "ದನಿ ಚೆನ್ನಾಗೇ ಬರ್ತಾ ಇದೆಯಲ್ಲ" ಎಂದು ಬಿಸಿನೀರು ಕುಡಿದು ಮತ್ತೆ ಹತ್ತುತ್ತಿದ್ದ.

ತೆನ್ಜಿನ್‌ಗೆ ಗೊತ್ತಾಯಿತು. ಒಂದು ದಿನ ವೈರು ಸುತ್ತುತ್ತಿದ್ದಾಗ ಪಕ್ಕಕ್ಕೆ ಬಂದ.

"ಅಕ್ಕ, ಲೋಕಿ ಬಾಕ್ಸಲ್ಲಿ ನನ್ನ ವಾಯ್ಸ್ ಇದೆ."

"ಅವನಿಗೆ ಸಪೋರ್ಟ್ ಇರ್ಲಿ ಅಂತ ಕೊಟ್ಟೆ ಕಣೋ."

"ಸಪೋರ್ಟ್ ಅಲ್ಲ ಅಕ್ಕ. ಅವನಿಗೆ ಅದು ತನ್ನದೇ ವಾಯ್ಸ್ ಅನ್ಸುತ್ತೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗು."

"ನೀನು ಗಿಟಾರ್ ನೋಡ್ಕೊ. ಸೌಂಡ್ ನಾನು ನೋಡ್ಕೋತೀನಿ."

ಅವನು ಮತ್ತೆ ಆ ಮಾತೆತ್ತಲಿಲ್ಲ. ಅವನು ಆಡಿದ್ದನ್ನು ನಾನು ಇನ್ನೂ ಮರೆತಿಲ್ಲ.

ಮೈಸೂರಿನಲ್ಲಿ ದೊಡ್ಡ ವೇದಿಕೆಯೊಂದು ಸಿಕ್ಕಿತು. ಅಷ್ಟು ಜನರ ಮುಂದೆ ಅವನು ಹಾಡಿದ್ದಿಲ್ಲ. ಸೌಂಡ್ ಮಾತ್ರ ಅಲ್ಲಿಯವರದೇ. ಹೊರಗಿನವರು ಮಿಕ್ಸರ್ ಮುಟ್ಟುವಂತಿಲ್ಲ. ಅಲ್ಲಿ ಕುಳಿತಿದ್ದ ಹುಡುಗನ ಹೆಸರು ನವೀನ. ಕೆಲಸ ಬಲ್ಲವನು, ಮರ್ಯಾದಸ್ಥ. "ಮೇಡಂ, ನಿಮ್ಮವರಿಗೆ ಮಾನಿಟರ್ ಹೆಂಗೆ ಕೊಡ್ಲಿ?" ಎಂದು ಕೇಳಿದ. ಅಲ್ಲಿಯಾದರೂ ಬಾಯಿ ಬಿಡಬಹುದಿತ್ತು. "ಮಾಮೂಲಿ ಥರ ಕೊಡಪ್ಪ" ಎಂದೆ. ಅವನು ಪಾಪ, ಮಾಮೂಲಿಯಂತೆ ಇದ್ದದ್ದನ್ನು ಇದ್ದಂತೆ ಕೊಟ್ಟ.

ಮೊದಲ ಹಾಡಿನ ನಡುವೆ ಲೋಕಿ ಮೇಲಿನ ಸ್ವರಕ್ಕೆ ಏರಿದ. ಎರಡು ವರ್ಷದ ಮೇಲೆ ಮೊದಲ ಸಲ ಮಾನಿಟರಿನಲ್ಲಿ ತನ್ನ ಮೇಲಿನ ಸ್ವರವನ್ನು ಇದ್ದಂತೆ ಕೇಳಿದ. ನಿಂತುಬಿಟ್ಟ. ಮೈಕನ್ನು ತಟ್ಟಿ ನೋಡಿದ. ಮತ್ತೆ ಏರಿದ, ಮತ್ತೆ ಅದೇ. ಹಿಂದಿನ ಸಾಲುಗಳಿಂದ ಶಿಳ್ಳೆ, ಕೂಗು. ಅವನು ವೇದಿಕೆಯಿಂದ ಇಳಿದು ಆ ಎತ್ತರದ ಬೂಟಿನಲ್ಲೇ ಜನರ ನಡುವೆ ನುಗ್ಗಿ ಮಿಕ್ಸರಿನ ಹತ್ತಿರ ಬಂದ.

"ಏನ್ ಮಾಡ್ದೆ ನನ್ ದನಿಗೆ? ಯಾರು ಹೇಳ್ಕೊಟ್ರು ನಿಂಗೆ ಕೆಲ್ಸ?"

"ಸರ್, ನಾನೇನೂ ಮಾಡಿಲ್ಲ ಸರ್. ಫ್ಲ್ಯಾಟ್ ಕೊಟ್ಟಿದೀನಿ, ಇದ್ದಿದ್ದು ಇದ್ದಂಗೆ."

ಲೋಕಿ ಅವನ ಕೆನ್ನೆಗೆ ಹೊಡೆದ. ನಾನು ಒಂದು ಮಾರು ದೂರದಲ್ಲಿದ್ದೆ. ನವೀನ ನನ್ನ ಕಡೆ ನೋಡಿದ. ಸೌಂಡಿನವಳು, ಇವಳಿಗೆ ಗೊತ್ತಾಗುತ್ತದೆ, ಹೇಳುತ್ತಾಳೆ ಎಂಬಂತೆ. ನಾನು ನೆಲ ನೋಡಿದೆ. ಕಾರ್ಯಕ್ರಮ ನಡೆಸುವವರು ತಪ್ಪು ನವೀನನದೇ ಎಂದು ಅಲ್ಲೇ ಅವನನ್ನು ಎಬ್ಬಿಸಿ ಕಳಿಸಿದರು.

ಆಮೇಲೆ ಡಾಕ್ಟರ್ ನೋಡಿ, ದನಿಯ ತಂತುಗಳ ಮೇಲೆ ಗಂಟು ಬೆಳೆದಿದೆ ಎಂದರು. "ಶುರುವಿನಲ್ಲೇ ಬಂದು ಕೆಲವು ತಿಂಗಳು ಮಾತು ನಿಲ್ಲಿಸಿದ್ರೆ ಸಾಕಾಗ್ತಿತ್ತು. ಇಷ್ಟು ದಿನ ನಿಮಗೇ ಗೊತ್ತಾಗ್ಲಿಲ್ವಾ?" ಎಂದು ಲೋಕಿಯನ್ನು ಕೇಳಿದರು. "ಇಲ್ಲ ಸರ್, ಚೆನ್ನಾಗೇ ಕೇಳಿಸ್ತಿತ್ತು" ಎಂದ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಆಪರೇಷನ್ ಆಯಿತು. ಮಾತು ಉಳಿಯಿತು, ಒರಟಾಗಿ. ಮೇಲಿನ ಸ್ವರ ಹೋಯಿತು.

ಕಾಲವೂ ಹೊರಳಿತ್ತು. ಮದುವೆಗಳಿಗೆ ಡಿಜೆ ಬಂದರು. ಪೆನ್‌ಡ್ರೈವ್ ಒಂದಿದ್ದರೆ ಹಾಡುವವರೇ ಬೇಡ. ಇದ್ದರೂ ಟ್ರ್ಯಾಕಿಗೆ ತುಟಿ ಆಡಿಸಿದರಾಯಿತು. ನಾನೂ ಡಿಜಿಟಲ್ ಮಿಕ್ಸರ್ ಕಲಿತೆ, ಎಡಗಿವಿ ಮಂದವಾಗುವವರೆಗೆ ದುಡಿದೆ, ಆಮೇಲೆ ಅಂಗಡಿ ಮಾರಿದೆ. ತೆನ್ಜಿನ್ ದೇಶ ಬಿಟ್ಟು ಹೋದ. ಲೋಕಿ ಈಗ ಮದುವೆ ವೇದಿಕೆಗಳನ್ನು ಸಿಂಗರಿಸುತ್ತಾನೆ. ಕುಶಾಲನಗರದ ಸುತ್ತ ಅವನಷ್ಟು ಚೆಂದದ ಮಂಟಪ ಕಟ್ಟುವವರಿಲ್ಲ. ಅದು ಅಕ್ಕನ ಪ್ರೀತಿಯ ಮಾತಲ್ಲ, ಯಾರನ್ನಾದರೂ ಕೇಳಿ. ಕೂದಲು ನರೆತಿದೆ. ಕೆಲಸಕ್ಕೆ ಹೊರಡುವಾಗ ಕಾಡಿಗೆ ಹಚ್ಚುವುದನ್ನು ಬಿಟ್ಟಿಲ್ಲ.

ಇಷ್ಟು ಬರೆದ ಮೇಲೆ, ಕಳೆದ ತಿಂಗಳು, ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅಡಿಕೆ ಕತ್ತರಿಸುತ್ತಿದ್ದ. ಕತ್ತರಿ ನಿಂತಿತು.

"ಮೈಸೂರಲ್ಲಿ ನಾನು ಆ ಹುಡುಗನ್ನ ಹೊಡ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವನೆಲ್ಲಿದಾನೆ ಈಗ?"

ನವೀನ ಆ ದಿನವೇ ಈ ಕೆಲಸ ಬಿಟ್ಟ. ಹುಣಸೂರಿನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಈ ಬರಹ ಶುರು ಮಾಡುವ ಮೊದಲು ನಾನು ಅಲ್ಲಿಗೆ ಹೋಗಿ ಹೇಳಿ ಬಂದಿದ್ದೆ. ಟೀ ತರಿಸಿಕೊಟ್ಟ. ಪೂರ್ತಿ ಕೇಳಿದ. ಪರವಾಗಿಲ್ಲ ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಇದನ್ನೂ ಲೋಕಿಗೆ ಹೇಳಿದೆ. "ಹೊಡ್ದ ಕೈ ನಂದು. ನಾನೂ ಹೋಗ್ಬೇಕು" ಎಂದು ಎದ್ದ. ಬಾಗಿಲಲ್ಲಿ ತಿರುಗಿ, "ಗಂಟ್ಲು ಹೋಗಿದ್ದಕ್ಕಲ್ಲ ಅಕ್ಕ ನಂಗೆ ಸಂಕಟ. ಆ ಎರಡು ವರ್ಷದ ಚಪ್ಪಾಳೆ ಎಲ್ಲ ಯಾರದ್ದು ಅಂತ ಈಗ ನಂಗೆ ಗೊತ್ತಾಗ್ತಿಲ್ಲ" ಎಂದ. ಹೋದವನು ಹಲವು ದಿನ ಈ ಕಡೆ ಬರಲಿಲ್ಲ.

ಮೊನ್ನೆ ಬಂದ. ಹುಣಸೂರಿಗೆ ಹೋಗಿ ಬಂದಿದ್ದ. ಅಲ್ಲಿ ಏನಾಯಿತೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುಳಿತವನು ನೇರವಾಗಿ ಕೇಳಿದ: "ಆ ಎರಡು ವರ್ಷದಲ್ಲಿ ಪೂರ್ತಿ ನಂದೇ ಅಂತ ಒಂದಾದ್ರೂ ಇತ್ತಾ?"

"ಪೊನ್ನಂಪೇಟೆ" ಎಂದೆ.

ಹಾಕಿ ಪಂದ್ಯ ಮುಗಿದ ಮಧ್ಯಾಹ್ನ ಅದು. ಎರಡನೇ ಹಾಡಿಗೇ ಕರೆಂಟು ಹೋಯಿತು. ಜನರೇಟರಿನ ಡೀಸೆಲ್ಲಿನಲ್ಲಿ ನೀರು ಸೇರಿತ್ತು, ಎಷ್ಟು ಎಳೆದರೂ ಹೊತ್ತಲಿಲ್ಲ. ಲೋಕಿ ಬೂಟು ಕಳಚಿ ಬರಿಗಾಲಲ್ಲಿ ಮೈದಾನಕ್ಕೆ ಇಳಿದು ಜನರ ನಡುವೆ ನಿಂತು ಹಾಡಿದ. ಮೇಲಕ್ಕೆ ಹೋಗಲಿಲ್ಲ, ಹೋಗಲು ಆಗುತ್ತಿರಲಿಲ್ಲ. ತಗ್ಗಿನಲ್ಲಿ, ಹರಿದ ದನಿಯಲ್ಲಿ, ಮಾತಾಡಿದ ಹಾಗೆ. ನನ್ನ ಕೈ ಸತ್ತ ಮಿಕ್ಸರಿನ ಮೇಲೆ ಸುಮ್ಮನೆ ಬಿದ್ದಿತ್ತು.

"ಮೈಕಿಲ್ದೆ ಬಯಲಲ್ಲಿ ಹಾಡಿದ್ದಕ್ಕೇ ದನಿ ಹಂಗಾಯ್ತು, ಮಾನ ಹೋಯ್ತು ಅನ್ಕೊಂಡಿದ್ದೆ ಅವತ್ತು" ಎಂದ ಲೋಕಿ. "ನಿನ್ ಹತ್ರ ಬಂದು ಏನೋ ಹೇಳಿದ್ದೆ."

"'ನಿನ್ನ ಪೆಟ್ಗೆ ಇಲ್ದೆ ನಾನಿಲ್ಲ ಅಕ್ಕ' ಅಂತ ನೀನಂದಿದ್ದೆ. ಅದು ಸುಳ್ಳು ಅಂತ ಆಗಷ್ಟೇ ಕಣ್ಣಾರೆ ನೋಡಿದ್ದೆ ನಾನು. ಆದ್ರೂ ಕೇಳೋಕೆ ಹಿತವಾಗಿತ್ತು ಕಣೋ. ಅದಕ್ಕೇ ಸುಮ್ನಾದೆ. ಮಾರನೇ ದಿನ ಮತ್ತೆ ಎಕೋ ಹಾಕ್ದೆ."

ನಾನು ಇಷ್ಟೆಲ್ಲ ಬರೆದದ್ದು ಆ ಒಂದು ಮಾತನ್ನು ಬಾಯಿಂದ ಹೊರಗೆ ಹಾಕಲು. ಪ್ರೀತಿಯಿಂದ ಮುಚ್ಚಿಟ್ಟೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅವನಿಗೆ ನಾನು ಬೇಕಾಗಿರಲಿ ಎಂದು ಮುಚ್ಚಿಟ್ಟಿದ್ದೆ.

ಲೋಕಿ ತನ್ನ ಒರಟು ದನಿಯಲ್ಲಿ ಕೇಳಿದ.

"ಜನ ಎದ್ದು ಹೋಗ್ಲಿಲ್ವಾ?"

"ಒಬ್ಬರೂ ಹೋಗ್ಲಿಲ್ಲ. ನೀನೇ ನೋಡ್ಲಿಲ್ವಾ?"

"ಬೆವರಿಗೆ ಚಮಕಿ ಇಳಿದು ಕಣ್ಣೊಳಗೆ ಹೋಗಿತ್ತು ಅಕ್ಕ. ಏನೂ ಕಾಣ್ತಿರ್ಲಿಲ್ಲ." ಕುರ್ಚಿಯನ್ನು ನನ್ನ ಬಲಗಿವಿಯ ಕಡೆಗೆ ಎಳೆದುಕೊಂಡ. "ಯಾರ್ಯಾರಿದ್ರು, ಎಲ್ಲೆಲ್ಲಿ ಕೂತಿದ್ರು, ಏನ್ ಮಾಡ್ತಿದ್ರು, ಹೇಳು."

ಹೇಳಿದೆ. ಸೋತ ತಂಡದ ಹುಡುಗರು ಹಾಕಿ ಕೋಲನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದೆ ಕುಳಿತಿದ್ದರು. ಅವರ ಹಿಂದೆ ತಲೆಗೆ ವಸ್ತ್ರ ಕಟ್ಟಿದ ಕೊಡವ ಅಜ್ಜಿಯರು. ಒಬ್ಬರು ತೊಡೆ ತಟ್ಟಿ ತಾಳ ಹಾಕಿದರು, ಆಮೇಲೆ ಪಕ್ಕದವರು ಹಾಕಿದರು. ಕಡಲೆಕಾಯಿ ಮಾರುವವನು ಬುಟ್ಟಿ ಇಳಿಸಿ ನಿಂತಿದ್ದ. ಹಿಂದೆ ಕುಳಿತವರಿಗೆ ಕೇಳಿಸದೆ ಅವರು ಕುರ್ಚಿ ಬಿಟ್ಟು ಎದ್ದು, ಹತ್ತಿರ ಹತ್ತಿರ ಬಂದು, ಹುಲ್ಲಿನ ಮೇಲೆ ಕುಳಿತುಕೊಂಡರು.